ಸೂಜಿಹಕ್ಕಿಯ ಸೊನ್ನೆ

ನಮ್ಮ ಮಾವನ ಜೊತೆ ಬೆಳಗಿನ ಹಕ್ಕಿ ಎಣಿಕೆಗೆ ಹೋಗುವವರಿಗೆ ದೇವರು ಬೇರೆ ಶಿಕ್ಷೆ ಕೊಡಬೇಕಾಗಿಲ್ಲ. ಐದೂವರೆಗೆ ಸರಿಯಾಗಿ ಗೇಟು ದಾಟಬೇಕು. ಎರಡು ನಿಮಿಷ ತಡವಾದರೆ "ನೀನಿವತ್ತು ಮಲ್ಕೋಮ್ಮ" ಎಂದು ಒಬ್ಬರೇ ಹೊರಟುಬಿಡುತ್ತಾರೆ, ಆಮೇಲೆ ಮೇಡಂ ಹತ್ತಿರ ಬೈಗುಳ ತಿನ್ನುವವಳು ನಾನು. ದಾರಿಯಲ್ಲಿ ಮಾತಾಡಬಾರದು, ಕೆಮ್ಮಬಾರದು, ಸರಭರ ಅನ್ನುವ ಬಟ್ಟೆ ಹಾಕಬಾರದು, ಒಣಗಿದೆಲೆ ತುಳಿಯಬಾರದು. ಎಲೆ ಉದುರುವ ಕಾಲದಲ್ಲಿ ಕಾಡಿನೊಳಗೆ ಒಣಗಿದೆಲೆ ತುಳಿಯದೆ ಹಾರಿಕೊಂಡು ಹೋಗಲೇ ಎಂದು ಒಂದು ದಿನ ರೇಗಿ ಕೇಳಿದ್ದಕ್ಕೆ, "ನಾನು ನಡೀತಿಲ್ವಾ?" ಎಂದರು. ಅವರು ನಡೆಯುತ್ತಾರೆ. ಅದೇ ದಾರಿಯಲ್ಲಿ ಇಪ್ಪತ್ತೊಂಬತ್ತು ವರ್ಷ ನಡೆದವರ ಪಾದಕ್ಕೆ ಕಲ್ಲು ಎಲ್ಲಿದೆ, ಬೇರು ಎಲ್ಲಿದೆ ಎಂದು ಗೊತ್ತಿರುತ್ತದೆ. ನನ್ನ ಪಾದಕ್ಕೆ ಏನು ಗೊತ್ತು?

ನಮ್ಮದು ಊರು ಮುಗಿದು ಕಾಡು ಶುರುವಾಗುವ ಕಡೆ ಇರುವ ಪ್ರಕೃತಿ ಅಧ್ಯಯನ ಕೇಂದ್ರ. ಒಂದು ಉದ್ದನೆಯ ಕಟ್ಟಡ, ಅದರ ಮುಂದೆ ಕೊಳ, ಹಿಂದೆ ಮೂಡಣ ತೋಪು ಎಂದು ನಾವು ಕರೆಯುವ ಹಳೆಯ ಮರಗಳ ಗುಂಪು, ಪಕ್ಕದಲ್ಲಿ ನಮ್ಮಂಥವರಿಗಾಗಿ ಕಟ್ಟಿಸಿದ ನಾಲ್ಕು ಮನೆ. ಮಾವ ಇಲ್ಲಿ ಹಕ್ಕಿ ಎಣಿಸುವವರು. ಅತ್ತೆ ಬಂದು ಹೋಗುವ ಸಂಶೋಧಕರಿಗೆ ಅಡುಗೆ ಮಾಡುತ್ತಾರೆ. ನನ್ನ ಗಂಡ ಕೇಂದ್ರದ ಜೀಪು ಓಡಿಸುತ್ತಾರೆ, ಹಾಗಾಗಿ ಮನೆಯಲ್ಲಿರುವುದು ಕಡಿಮೆ. ನಾನು ದಾಖಲೆ ಕೋಣೆಯವಳು. ಎಲ್ಲರೂ ಬರೆದು ತಂದ ಹಾಳೆಗಳನ್ನು ಕಂಪ್ಯೂಟರಿಗೆ ಏರಿಸಿ, ಮೂಲ ಹಾಳೆಯನ್ನು ಕಬ್ಬಿಣದ ಬೀರುವಿನಲ್ಲಿಡುವುದು ನನ್ನ ಕೆಲಸ. ಹೋದ ವರ್ಷದ ಎಣಿಕೆ ಮುಗಿಯುವ ದಿನ ಮಾವ ತೋಪಿನ ಇಳಿಜಾರಿನಲ್ಲಿ ಜಾರಿ ಬಿದ್ದು ಮಂಡಿ ಊದಿಸಿಕೊಂಡ ಮೇಲೆ, ಇನ್ನು ಒಬ್ಬರೇ ಹೋಗಬಾರದು ಎಂದು ಕೇಂದ್ರದ ಮುಖ್ಯಸ್ಥೆಯಾದ ಮೇಡಂ ಆಜ್ಞೆ ಮಾಡಿದರು. ಆ ಆಜ್ಞೆ ಬಂದು ಬಿದ್ದದ್ದು ನನ್ನ ತಲೆಯ ಮೇಲೆ.

ಮಾವ ಓದಿದ್ದು ಏಳನೆಯ ಕ್ಲಾಸು. ಇಲ್ಲಿಗೆ ಬಂದದ್ದು ಕೊಳದ ಕಟ್ಟೆ ಕಟ್ಟಲು, ಗಾರೆ ಕೆಲಸದವರಾಗಿ. ಆಗಿನ ಮುಖ್ಯಸ್ಥರು ಅದೇ ಕಟ್ಟೆಯ ಹತ್ತಿರ ನಿಂತು ಹಕ್ಕಿ ಪಟ್ಟಿ ಬರೆಯುತ್ತಿದ್ದರಂತೆ. ಮಾವ ಕಲ್ಲು ಕೂರಿಸುತ್ತ ತಲೆಯೆತ್ತದೆ, "ಸಾರ್, ನಿಮ್ಮ ಬೆನ್ನಿನ ಹಿಂದೆ ಮೂರು ಥರ ಕೂಗ್ತಿವೆ, ನೀವು ಎರಡೇ ಬರ್ಕೊಂಡ್ರಿ" ಎಂದರಂತೆ. ಮುಖ್ಯಸ್ಥರು ನಂಬದೆ ಹೋಗಿ ನೋಡಿದರೆ ಮೂರಿದ್ದವು. ಕಟ್ಟೆ ಮುಗಿಯುವ ಹೊತ್ತಿಗೆ ಮಾವನಿಗೆ ಇಲ್ಲಿ ಕೆಲಸವಾಗಿತ್ತು. ಈ ಕಥೆಯನ್ನು ನಾನು ಮದುವೆಯಾಗಿ ಬಂದ ಹನ್ನೊಂದು ವರ್ಷದಲ್ಲಿ ನೂರು ಸಲ ಕೇಳಿದ್ದೇನೆ. ಕೇಳಿಸಿಕೊಳ್ಳದೆ ಎದ್ದು ಹೋದರೆ ಅಡುಗೆಮನೆಗೆ ಬಂದು ಉಳಿದರ್ಧ ಹೇಳುತ್ತಾರೆ. ಆದರೆ ಒಂದು ಮಾತು ಒಪ್ಪಬೇಕು, ದೊಡ್ಡ ದೊಡ್ಡ ಪದವಿಯವರು ಬಂದು ಈ ಗಾರೆಯವರ ಪಕ್ಕ ತುಟಿಪಿಟಕ್ಕೆನ್ನದೆ ನಿಂತಿದ್ದನ್ನು ನಾನೇ ನೋಡಿದ್ದೇನೆ.

ಎಲೆ ಉದುರುವ ಕಾಲ ಬಂತೆಂದರೆ ನಮ್ಮ ಕೇಂದ್ರಕ್ಕೆ ಹುಚ್ಚು ಹಿಡಿಯುತ್ತದೆ. ಒಬ್ಬರು ಮರದ ಕೆಳಗೆ ಬುಟ್ಟಿಯಿಟ್ಟು ಬಿದ್ದ ಎಲೆಯನ್ನು ಹಿಡಿದು ತಂದು, ಜಾತಿವಾರು ಬೇರೆ ಮಾಡಿ, ಒಣಗಿಸಿ ತೂಗುತ್ತಾರೆ. ಇನ್ನೊಬ್ಬರು ಕೊಳದ ಪೊದೆಯಲ್ಲಿ ಬಲೆ ಕಟ್ಟಿ, ಸಿಕ್ಕ ಹಕ್ಕಿಯ ಕಾಲಿಗೆ ಉಂಗುರ ತೊಡಿಸಿ ಬಿಡುತ್ತಾರೆ. ಗಂಡು ಜಿಂಕೆಗಳು ಕಾದಾಡುವುದನ್ನು ಬರೆದುಕೊಳ್ಳಲು ಬಂದವರು ದಿನವಿಡೀ ಜಿಂಕೆಯ ಕೂಗು ಕೂಗುತ್ತ ವರಾಂಡದಲ್ಲೇ ಅಭ್ಯಾಸ ಮಾಡುತ್ತಾರೆ. ಬಾಗಿಲಲ್ಲಿ ಕೆಸರು ಮೆತ್ತಿದ ಹದಿನಾಲ್ಕು ಜೊತೆ ಬೂಟು. ಎಲೆ ಒಣಗಿಸುವ ಒಲೆಯೊಳಗೆ ಯಾರೋ ಊಟದ ಡಬ್ಬಿ ಬಿಸಿಗಿಟ್ಟು, ಮೂರು ದಿನದ ಎಲೆಯೆಲ್ಲ ಈರುಳ್ಳಿ ವಾಸನೆ ಹೊಡೆದು, ಎಲೆಯವರು ಅತ್ತು ಕರೆದು ರಂಪವಾಯಿತು. ತೂಕಕ್ಕೂ ಈರುಳ್ಳಿ ವಾಸನೆಗೂ ಏನು ಸಂಬಂಧ ಎಂದು ಕೇಳಿದ್ದಕ್ಕೆ ನನ್ನ ಜೊತೆ ಮಾತು ಬಿಟ್ಟರು. ಈ ಗಲಾಟೆಯಲ್ಲೆಲ್ಲ ಒಬ್ಬರೇ ಒಬ್ಬರು ಹೊತ್ತಿಗೆ ಸರಿಯಾಗಿ ಹೋಗಿ, ಹೊತ್ತಿಗೆ ಸರಿಯಾಗಿ ಬಂದು, ಒಂದು ತಿದ್ದುಪಡಿಯಿಲ್ಲದ ಹಾಳೆಯನ್ನು ನನ್ನ ಮೇಜಿನ ಮೇಲಿಡುತ್ತಾರೆ. ಅದು ನಮ್ಮ ಮಾವ.

ಎಣಿಕೆಯ ದಾರಿಯಲ್ಲಿ ಹದಿನಾಲ್ಕು ಕಂಬ. ಪ್ರತಿ ಕಂಬದ ಹತ್ತಿರ ಐದು ನಿಮಿಷ ನಿಂತು, ಕಂಡ ಹಕ್ಕಿ, ಕೂಗಿದ ಹಕ್ಕಿ ಬರೆಯಬೇಕು. ನಿಯಮ ಒಂದೇ: ಎಣಿಸುವವನು ತಾನೇ ಕಂಡದ್ದನ್ನು, ತಾನೇ ಕೇಳಿದ್ದನ್ನು ಮಾತ್ರ ಬರೆಯಬೇಕು. ಪಕ್ಕದವರು ನೂರು ಕಂಡರೂ ಲೆಕ್ಕಕ್ಕಿಲ್ಲ. ಅದೇ ಮನುಷ್ಯ, ಅದೇ ದಾರಿ, ಅದೇ ಹೊತ್ತು, ಆಗಲೇ ಒಂದು ವರ್ಷವನ್ನು ಇನ್ನೊಂದು ವರ್ಷದ ಪಕ್ಕ ಇಟ್ಟು ನೋಡಬಹುದು ಎನ್ನುವುದು ಈ ಕೇಂದ್ರದ ಹೆಮ್ಮೆ. ಹೊರಗಿನಿಂದ ಬಂದವರಿಗೆ ಮೇಡಂ ಮೊದಲು ತೋರಿಸುವುದು ಕೊಳವನ್ನಲ್ಲ, ಮಾವ ಬರೆದ ಇಪ್ಪತ್ತೆಂಟು ಎಣಿಕೆ ಪುಸ್ತಕಗಳನ್ನು. "ಒಬ್ಬರೇ ಬರೆದದ್ದು, ಒಂದೇ ಅಳತೆ" ಎನ್ನುತ್ತಾರೆ.

ಈ ಪುಸ್ತಕಗಳಲ್ಲಿ ಸೂಜಿಹಕ್ಕಿ ಎಂದು ಒಂದು ಕಲಂ ಇದೆ. ಗ್ರಂಥದಲ್ಲಿ ಅದಕ್ಕೆ ಉದ್ದನೆಯ ಹೆಸರಿದೆ, ಕೇಂದ್ರದಲ್ಲಿ ಎಲ್ಲರೂ ಸೂಜಿಹಕ್ಕಿ ಎನ್ನುತ್ತೇವೆ. ಹೆಬ್ಬೆರಳಿನ ಗಾತ್ರ, ತೋಪಿನ ಮರಗಳ ತುತ್ತತುದಿಯಲ್ಲೇ ಇರುತ್ತದೆ, ಕಣ್ಣಿಗೆ ಬೀಳುವುದು ಅಪರೂಪ. ಕೂಗು ಮಾತ್ರ ಸೂಜಿ ಚುಚ್ಚಿದ ಹಾಗೆ ಸಣ್ಣಗೆ, ಮೊನಚಾಗಿ. ಚಳಿ ಬೀಳುವ ಮುಂಚೆ ಮೇಲಿನ ಬೆಟ್ಟದಿಂದ ನಮ್ಮ ತೋಪಿಗೆ ಇಳಿಯುತ್ತದೆ. ಏಳು ವರ್ಷದ ಹಿಂದೆ ಆ ಕಲಮಿನಲ್ಲಿ ನಲವತ್ತೊಂದು. ಆಮೇಲೆ ಇಪ್ಪತ್ತಾರು, ಹದಿನಾಲ್ಕು, ಒಂಬತ್ತು, ಎರಡು, ಸೊನ್ನೆ, ಸೊನ್ನೆ.

ಈ ಸೊನ್ನೆಯ ಮೇಲೆ ತೋಪು ನಿಂತಿತ್ತು. ಸೂಜಿಹಕ್ಕಿ ಇರುವ ತನಕ ಮೂಡಣ ತೋಪನ್ನು ಯಾರೂ ಮುಟ್ಟುವ ಹಾಗಿಲ್ಲ. ಸತತ ಮೂರು ವರ್ಷ ಅದು ಬರದಿದ್ದರೆ ತೋಪು ಸಂರಕ್ಷಿತ ಜಾಗಗಳ ಪಟ್ಟಿಯಿಂದ ಹೊರಗೆ, ಮರ ತೆಗೆದು ಅತಿಥಿಗೃಹವನ್ನೂ ವಾಹನ ನಿಲ್ಲಿಸುವ ಜಾಗವನ್ನೂ ಮಾಡಬಹುದು ಎಂದು ಮೇಲಿನ ಕಚೇರಿಯ ತೀರ್ಮಾನ. ನಕ್ಷೆ ಕೂಡ ತಯಾರಾಗಿ ಮೇಡಂ ಕೋಣೆಯ ಗೋಡೆಯಲ್ಲಿ ನೇತಾಡುತ್ತಿತ್ತು. ಇದು ಮೂರನೆಯ ವರ್ಷ. ಎಣಿಕೆ ಮುಗಿಯಲು ಹನ್ನೆರಡು ದಿನ ಉಳಿದಿತ್ತು, ಕಲಮಿನಲ್ಲಿ ಇನ್ನೂ ಸೊನ್ನೆಯೇ.

ಈಗ ನನ್ನ ಸಂಕಟ ಕೇಳಿ. ಮುಂದಿನ ಕೋಣೆ ಸೋರುತ್ತದೆಂದು ಈ ವರ್ಷ ನನ್ನ ದಾಖಲೆ ಕೋಣೆಯನ್ನು ಹಿಂದಕ್ಕೆ ಎತ್ತಿ ಹಾಕಿದ್ದರು. ಕಿಟಕಿ ತೆಗೆದರೆ ತೋಪು. ನಾನು ಕಂಪ್ಯೂಟರಿನ ಮುಂದೆ ಕೂತು, ಮಾವನ ಹಾಳೆ ನೋಡಿಕೊಂಡು ಸೂಜಿಹಕ್ಕಿಯ ಕಲಮಿನಲ್ಲಿ ಸೊನ್ನೆ ಒತ್ತುತ್ತೇನೆ, ಅದೇ ಹೊತ್ತಿಗೆ ಸೂಜಿಹಕ್ಕಿ ಕಿಟಕಿಯಾಚೆ ಕೂಗುತ್ತದೆ! ಒಂದು ದಿನವಲ್ಲ, ವಾರಗಟ್ಟಲೆ. ಈ ಕೂಗನ್ನು ನನಗೆ ಕಲಿಸಿದವರು ಯಾರು? ಮಾವನೇ. ಮದುವೆಯಾಗಿ ಬಂದ ವರ್ಷ ತೋಪಿನೊಳಗೆ ಒಂದು ಗಂಟೆ ನಿಲ್ಲಿಸಿ, "ಕೇಳಿಸ್ತಾ? ಅದಲ್ಲ, ಅದರ ಮೇಲೊಂದು ಸಣ್ಣದು ಬಂತಲ್ಲ, ಅದು" ಎಂದು ಕಲಿಸಿದವರು.

ಊಟದ ಹೊತ್ತಿನಲ್ಲಿ ಹೇಳಿದೆ. "ಮಾವ, ತೋಪಲ್ಲಿ ಸೂಜಿಹಕ್ಕಿ ಇದೆ."

"ಇಲ್ಲಮ್ಮ. ದಿನಾ ಹೋಗ್ತಿಲ್ವಾ ನಾವು?"

"ದಿನಾ ಕೂಗುತ್ತೆ ಮಾವ. ಹನ್ನೆರಡನೇ ಕಂಬದ ಹತ್ರ ಇವತ್ತೂ ಕೂಗ್ತು. ನೀವು ಬರ್ಕೊಳ್ಳಲಿಲ್ಲ."

"ಅದು ಮಿಡತೆ."

"ಈ ಚಳೀಲಿ ಯಾವ ಮಿಡತೆ ಮಾವ?"

"ಹಾಗಾದ್ರೆ ಬೇರೆ ಯಾವ್ದೋ ಹಕ್ಕಿ ಮರಿ ಇರ್ಬೇಕು. ಮರಿ ಕೂಗು ಸ್ವಲ್ಪ ಹಾಗೇ ಇರುತ್ತೆ, ಹೊಸಬರಿಗೆ ಗೊತ್ತಾಗಲ್ಲ." ಹನ್ನೊಂದು ವರ್ಷದ ಹೊಸಬಳು ನಾನು. ತಟ್ಟೆ ಎತ್ತಿಕೊಂಡು ಎದ್ದೆ. ಅತ್ತೆ ನಮ್ಮಿಬ್ಬರ ಮುಖ ನೋಡಿ, ಯಾರೂ ಕೇಳದಿದ್ದರೂ ಪಲ್ಯ ಬಡಿಸಲು ಬಂದರು.

ಮೇಡಂ ಹತ್ತಿರ ಹೋದೆ. ಅವರು ನಕ್ಷೆಯ ಕೆಳಗೇ ಕೂತು, "ನಿಮಗೆ ತೋಪಿನ ಮೇಲೆ ಪ್ರೀತಿ, ಅರ್ಥ ಆಗುತ್ತೆ. ಆದ್ರೆ ಅವರದು ಇಪ್ಪತ್ತೊಂಬತ್ತು ವರ್ಷದ ಕಿವಿ ಕಣಮ್ಮ. ಅವರು ಇಲ್ಲ ಅಂದ್ರೆ ಇಲ್ಲ" ಎಂದರು. ನಾನು ದಾಖಲೆ ಏರಿಸುವವಳು, ನನ್ನ ಮಾತಿಗೆ ಯಾವ ಕಲಮೂ ಇಲ್ಲ. ಹೊರಗೆ ಬಂದರೆ ಜಿಂಕೆಯವರು ವರಾಂಡದಲ್ಲಿ ಬಾಯಿಗೆ ಕೊಳವೆಯಿಟ್ಟು ಬೋ ಎಂದು ಊದುತ್ತಿದ್ದರು. ನಿಮಗಾದರೂ ಬೇರೆ ಕೆಲಸವಿಲ್ಲವೇ ಎಂದು ಅವರ ಮೇಲೆ ಹರಿಹಾಯ್ದೆ. ಪಾಪ, ಅವರ ಕೆಲಸ ಅದೇ.

ಮರುದಿನ ನನ್ನ ಕಿಟಕಿಯಲ್ಲೇ ಫೋನು ಹಿಡಿದು ಕೂಗನ್ನು ರೆಕಾರ್ಡು ಮಾಡಿದೆ. ಒಂದೂವರೆ ನಿಮಿಷ, ಚೊಕ್ಕವಾಗಿ ಬಂತು. ಇನ್ನು ಯಾವ ಮಿಡತೆ, ಯಾವ ಮರಿ ಹೇಳುತ್ತಾರೋ ನೋಡೇಬಿಡೋಣ ಎಂದು ಮನೆಗೆ ಬಂದೆ. ಮಾವ ಹೊರಗಿನ ಜಗಲಿಯ ಮೇಲೆ ಬೂಟಿನ ಕೆಸರು ಕೆರೆಯುತ್ತಿದ್ದರು. "ಇದನ್ನ ಕೇಳಿ" ಎಂದು ದನಿಯನ್ನು ಪೂರ್ತಿ ಏರಿಸಿ ಅವರ ಕೈಗೆ ಕೊಟ್ಟೆ.

ಅವರು ಫೋನನ್ನು ಕಿವಿಗಿಟ್ಟುಕೊಂಡರು. ಕಣ್ಣು ಮುಚ್ಚಿದರು. ಮೈಯೆಲ್ಲ ಕಿವಿಯಾಗಿ ಕೂತರು. ಒಳಗಿನಿಂದ ಅತ್ತೆ, "ಅದೇನೇ ಅದು ಚುಯ್ ಚುಯ್ ಅಂತ, ತಲೆ ಸೀಳ್ತಿದೆ, ನಿಲ್ಸೇ" ಎಂದು ಕೂಗಿದರು. ಮಾವ ಇನ್ನೂ ಸ್ವಲ್ಪ ಹೊತ್ತು ಕಾದು, ಫೋನನ್ನು ತಿರುಗಿಸಿ ನೋಡಿ, ನನಗೆ ವಾಪಸು ಕೊಟ್ಟರು.

"ಏನೂ ಬರ್ತಾನೇ ಇಲ್ವಲ್ಲಮ್ಮ. ಕೆಟ್ಟಿರ್ಬೇಕು, ನಿನ್ನ ಗಂಡನ ಕೈಲಿ ರಿಪೇರಿಗೆ ಕಳ್ಸು."

ಅವರು ಅಷ್ಟು ಸಹಜವಾಗಿ ಹೇಳಿ ಮತ್ತೆ ಬೂಟು ಕೆರೆಯತೊಡಗಿದರು. ಫೋನು ನನ್ನ ಕೈಯಲ್ಲಿ ಇನ್ನೂ ಕೂಗುತ್ತಿತ್ತು. ಇಷ್ಟು ದಿನ ಮೊಂಡುತನ ಎಂದುಕೊಂಡು ನಾನು ಹಲ್ಲು ಕಡಿಯುತ್ತಿದ್ದೆನಲ್ಲ, ಅದು ಮೊಂಡುತನವೇ ಅಲ್ಲ. ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದ ಅತ್ತೆಯ ಮುಖ ನೋಡಿದೆ. ಅವರು ಆಶ್ಚರ್ಯಪಟ್ಟಿರಲಿಲ್ಲ.

ಅಡುಗೆಮನೆಗೆ ಹೋಗಿ ಬಾಗಿಲು ಹಾಕಿದೆ. "ನಿಮಗೆ ಗೊತ್ತಿತ್ತಾ ಅತ್ತೆ?"

"ಮೆಲ್ಲಗೆ ಮಾತಾಡು."

"ಅವರಿಗೆ ಕೇಳಿಸಲ್ವಲ್ಲ!"

"ಮಾತು ಕೇಳಿಸುತ್ತೆ. ಮಾತಿಗೇನೂ ಆಗಿಲ್ಲ. ಸಣ್ಣ ಶಬ್ದ ಮಾತ್ರ ಹೋಗಿದೆ." ಅತ್ತೆ ಸೌಟನ್ನು ತೊಳೆದದ್ದನ್ನೇ ತೊಳೆಯುತ್ತಿದ್ದರು. "ಅವರ ಕೈಗಡಿಯಾರ ಐದು ಗಂಟೆಗೆ ಪೀಪಿ ಅನ್ನುತ್ತಲ್ಲ, ಅದು ಕೇಳಿಸ್ದೆ ಆರು ವರ್ಷ ಆಯ್ತು. ನಾನೇ ಎದ್ದು ಅಲ್ಲಾಡ್ಸಿ, ಗಡಿಯಾರ ಹೊಡೀತು ಏಳ್ರಿ ಅಂತೀನಿ. ಹೌದಾ, ಅಂತ ಏಳ್ತಾರೆ."

ಆರು ವರ್ಷ! ನಲವತ್ತೊಂದು ಇಪ್ಪತ್ತಾರಾದದ್ದು ಆಗಲೇ. ಹಕ್ಕಿ ಕಡಿಮೆಯಾಗುತ್ತ ಬಂದಿರಲಿಲ್ಲ. ಮೊದಲು ದೂರದವು, ಆಮೇಲೆ ಹತ್ತಿರದವು, ಒಂದೊಂದಾಗಿ ಮಾವನಿಂದ ಜಾರಿಹೋಗಿದ್ದವು. ಅದೇ ಮನುಷ್ಯ, ಅದೇ ದಾರಿ, ಒಂದೇ ಅಳತೆ ಎಂದು ಎಲ್ಲರೂ ಕುಣಿದಾಡಿದರಲ್ಲ, ಅಳತೆಯ ಕೋಲೇ ಸವೆಯುತ್ತಿದ್ದದ್ದು ಈ ಜಾಣರ ಗುಂಪಿನಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಎಲೆಯನ್ನು ಮೂರು ಸಲ ತೂಗುತ್ತಾರೆ, ತಕ್ಕಡಿಯನ್ನು ತಿಂಗಳಿಗೊಮ್ಮೆ ಪರೀಕ್ಷಿಸುತ್ತಾರೆ. ಮಾವನನ್ನು ಪರೀಕ್ಷಿಸಬೇಕೆಂದು ಯಾರಿಗೂ ಅನ್ನಿಸಲಿಲ್ಲ. ನನಗೂ ಅನ್ನಿಸಲಿಲ್ಲ, ಆರು ವರ್ಷದ ಅಂಕಿಗಳನ್ನು ಒತ್ತಿದವಳು ನಾನೇ.

"ತೋಪು ಕಡೀತಾರೆ ಅತ್ತೆ. ನಾನು ಮೇಡಂಗೆ ಇದನ್ನ ಕೇಳಿಸ್ತೀನಿ."

ಅತ್ತೆ ನನ್ನ ಕೈ ಹಿಡಿದುಕೊಂಡರು. "ಬೇಡ್ವೇ. ಏಳನೇ ಕ್ಲಾಸಿನ ಗಾರೆಯವರನ್ನ ಇಲ್ಲಿಯವರು ಕುರ್ಚಿ ಹಾಕಿ ಕೂರಿಸೋದು ಯಾಕೆ ಹೇಳು. ಆ ಕಿವಿ ಒಂದಕ್ಕೆ. ನಾಲ್ಕು ಜನರ ಮುಂದೆ ನೀನು ಅದನ್ನ ಕಿತ್ಕೊಂಡ್ರೆ ಅವರು ಮತ್ತೆ ತಲೆ ಎತ್ತಲ್ಲ."

ಹಾಗೆಂದು ತೋಪನ್ನು ಕೊಡುವುದೇ? ಸಿಟ್ಟು ಬಂತು, ಅತ್ತೆಯ ಮೇಲೆ, ಮಾವನ ಮೇಲೆ, ಸಿಕ್ಕಾಪಟ್ಟೆ ಓದಿ ಏನೂ ಕಾಣದ ಮೇಡಂ ಮೇಲೆ. ಕೊನೆಗೆ, ಮೇಡಂ ಹತ್ತಿರ ಹೋಗುವ ಮುಂಚೆ ಮಾವನಿಗೆ ನಾನೇ ನೇರವಾಗಿ ಹೇಳುತ್ತೇನೆ, ದಾರಿಯಲ್ಲಿ, ಇಬ್ಬರೇ ಇದ್ದಾಗ ಎಂದು ತೀರ್ಮಾನಿಸಿದೆ. ತೀರ್ಮಾನಿಸುವುದು ಸುಲಭ. ಮರುದಿನ ಹದಿನಾಲ್ಕು ಕಂಬ ದಾಟಿದರೂ ಬಾಯಿ ಬರಲಿಲ್ಲ. ಅದರ ಮರುದಿನವೂ ಅಷ್ಟೇ. ಹತ್ತು ದಿನ ಹೀಗೆಯೇ ಹೋದವು. ಮನೆಯಲ್ಲಿ ಪಟಪಟ ಮಾತಾಡುವ ನಾನು ಕಾಡಿನಲ್ಲಿ ಕಲ್ಲಿನ ಹಾಗಾಗುತ್ತಿದ್ದೆ, ನನ್ನ ಮೇಲೆ ನನಗೇ ಅಸಹ್ಯವಾಯಿತು.

ಎಣಿಕೆ ಮುಗಿಯಲು ಒಂದು ದಿನವಿದ್ದಾಗ ರಾತ್ರಿಯೆಲ್ಲ ಗಾಳಿ ಬೀಸಿ, ಬೆಳಗ್ಗೆ ಹೋದರೆ ತೋಪಿನ ಅರ್ಧ ಎಲೆ ನೆಲದ ಮೇಲಿತ್ತು. ಹನ್ನೆರಡನೆಯ ಕಂಬದ ಹತ್ತಿರ ನಿಂತೆವು. ಮಾವ ಗಡಿಯಾರ ನೋಡಿಕೊಂಡರು. ಮೇಲೆ ಗಾಳಿ ಇನ್ನೂ ಜೋರಾಗಿತ್ತು, ಅದಕ್ಕೇ ಇರಬೇಕು, ಸೂಜಿಹಕ್ಕಿಗಳು ಕೆಳಗಿಳಿದಿದ್ದವು. ನನಗೆ ನಾಲ್ಕೈದು ಕಡೆಯಿಂದ ಕೇಳಿಸುತ್ತಿತ್ತು. ಆಗ ಒಂದು ಬಂದು ನಮ್ಮೆದುರಿನ ಬೋಳು ಕೊಂಬೆಯ ಮೇಲೆ, ಮಾವನಿಂದ ಎಂಟು ಹೆಜ್ಜೆ ದೂರದಲ್ಲಿ ಕೂತಿತು.

ಮಾವ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದರು. ಎಣಿಕೆಯ ಹೊತ್ತಿನಲ್ಲಿ ಅವರು ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. "ಬಂತಮ್ಮ," ಎಂದರು. "ಬಂತು ನೋಡು, ಸೂಜಿಹಕ್ಕಿ!" ದೂರದರ್ಶಕ ಎತ್ತಿ ನೋಡಿದರು. ಅವರ ಮುಖ ಅರಳಿತ್ತು. ಹಾಗೆಯೇ ನೋಡುತ್ತ ಇದ್ದರು. ಹಕ್ಕಿ ಬಾಯಿ ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು. ಅದರ ಗಂಟಲು ನಡುಗುವುದು ನನಗೆ ಬರಿಗಣ್ಣಿಗೇ ಕಾಣುತ್ತಿತ್ತು.

"ಬಾಯಿ ಬಿಡ್ತಿದೆ," ಎಂದರು ಮಾವ. "ದನಿ ಯಾಕೆ ಬರ್ತಿಲ್ಲ ಇದಕ್ಕೆ? ಏನಾದ್ರೂ ಆಗಿದ್ಯಾ?"

ಹೇಳುವ ಮಾತನ್ನು ಹತ್ತು ದಿನ ಕಟ್ಟಿಟ್ಟಿದ್ದೆ. ಒಂದೂ ನೆನಪಾಗಲಿಲ್ಲ. "ಕೂಗ್ತಿದೆ ಮಾವ," ಎಂದೆ.

ಅವರು ದೂರದರ್ಶಕ ಇಳಿಸಿ ನನ್ನನ್ನು ನೋಡಿದರು. ಮತ್ತೆ ಹಕ್ಕಿಯನ್ನು ನೋಡಿದರು. ಅದು ಹಾರಿಹೋಗುವ ತನಕ ನೋಡಿದರು. ಐದು ನಿಮಿಷ ಮುಗಿದು ಎಂಟಾಗಿತ್ತು, ಇಪ್ಪತ್ತೊಂಬತ್ತು ವರ್ಷದಲ್ಲಿ ಒಂದು ಕಂಬದ ಹತ್ತಿರವೂ ಅವರು ಹೊತ್ತು ಮೀರಿ ನಿಂತಿರಲಿಲ್ಲ. ಆಮೇಲೆ ಪೆನ್ಸಿಲು ತೆಗೆದು ಕಲಮಿನಲ್ಲಿ ಒಂದು ಎಂದು ಬರೆದರು.

"ಎಷ್ಟಿವೆ?" ಎಂದು ಕೇಳಿದರು.

"ಐದಿರ್ಬಹುದು ಮಾವ."

"ನಾನು ಕಂಡಿದ್ದು ಒಂದು," ಎಂದರು. ಒಂದನ್ನು ಐದು ಮಾಡಲಿಲ್ಲ. ಆ ಹೊತ್ತಿನಲ್ಲೂ ನಿಯಮ! ನನಗೆ ಅಳು ಬರುತ್ತಿತ್ತು, ಅದರ ಜೊತೆಗೆ ಅವರ ಬೆನ್ನಿಗೊಂದು ಗುದ್ದೋಣ ಅನ್ನಿಸುತ್ತಿತ್ತು.

ಒಂದು ಸಾಕಾಗಿತ್ತು. ಒಂದು ಹಕ್ಕಿ ಕಂಡರೂ ಮೂರು ವರ್ಷದ ಲೆಕ್ಕ ಮುರಿದ ಹಾಗೆ, ತೋಪು ಉಳಿದ ಹಾಗೆ. ಮೇಡಂ ಗೋಡೆಯ ನಕ್ಷೆ ತೆಗೆದು ಸುತ್ತಿಟ್ಟರು. ಮನೆಯಲ್ಲಿ ಅತ್ತೆ ನನ್ನನ್ನು ಮೂಲೆಗೆ ಕರೆದು, "ಅಂದ್ಕೊಂಡಿದ್ದು ಆಯ್ತಲ್ಲ, ಇನ್ನು ಆ ಮಾತು ಎತ್ತಬೇಡ" ಎಂದರು. ನಿಜ ಹೇಳಬೇಕೆಂದರೆ ನನಗೂ ಹಾಗೇ ಅನ್ನಿಸಿತ್ತು. ತೋಪೂ ಉಳಿಯಿತು, ಮಾವನ ಮಾನವೂ ಉಳಿಯಿತು, ಇನ್ನೆರಡು ವರ್ಷಕ್ಕೆ ಅವರು ನಿವೃತ್ತರಾಗುತ್ತಾರೆ. ಯಾರಿಗೇನು ನಷ್ಟ? ಮಾವ ಮಾತ್ರ ನಾಲ್ಕು ದಿನ ತಮ್ಮಷ್ಟಕ್ಕೆ ತಾವು ಓಡಾಡಿದರು. ಊಟಕ್ಕೆ ಕರೆದರೆ ಬಂದರು, ಉಂಡರು, ಹೋದರು. ಕೊಳದ ಕಟ್ಟೆಯ ಕಥೆ ಒಂದು ಸಲವೂ ಬರಲಿಲ್ಲ.

ಐದನೆಯ ದಿನ ಊಟದ ಕೋಣೆಯಲ್ಲಿ ಸಭೆ. ಮೇಲಿನ ಕಚೇರಿಯಿಂದ ಇಬ್ಬರು ಬಂದಿದ್ದರು. ಮೇಡಂ ಎಲ್ಲ ಹೇಳಿ ಮುಗಿಸಿ, "ನಮ್ಮ ಎಣಿಕೆಯವರು ಮೂವತ್ತು ವರ್ಷ ಹತ್ತಿರ..." ಎಂದು ಶುರುಮಾಡಿದ್ದರು. ಮಾವ ಎದ್ದು ನಿಂತರು. ಕೈಯಲ್ಲಿ ಆರು ಪುಸ್ತಕ.

"ಮೇಡಂ, ಇವು ಸರಿ ಇಲ್ಲ," ಎಂದರು. "ಸೂಜಿಹಕ್ಕಿ ಎಲ್ಲೂ ಹೋಗಿರ್ಲಿಲ್ಲ. ನನಗೆ ಕೇಳಿಸ್ತಿರ್ಲಿಲ್ಲ. ಆರು ವರ್ಷದಿಂದ."

ಅಡುಗೆಮನೆಯ ಕಿಂಡಿಯಲ್ಲಿ ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದರು. ಬಂದವರಲ್ಲಿ ಒಬ್ಬರು, "ಆದ್ರೆ ಈ ವರ್ಷ ಕಂಡಿದ್ದೀರಲ್ಲ, ತೋಪಿಗೆ ಅಷ್ಟು ಸಾಕು. ಹಳೇದನ್ನೆಲ್ಲ ಈಗ ಯಾಕೆ..." ಎಂದರು.

"ಈ ಪುಸ್ತಕ ನೋಡಿ ನಾಳೆ ಯಾರೋ, ಹಕ್ಕಿ ಕಡಿಮೆ ಆಯ್ತು ಅಂತ ಬರೀತಾರೆ. ಆಗಿಲ್ಲ. ನಾನು ಕೇಳಿದ್ದನ್ನೇ ಬರ್ದಿದ್ದೀನಿ, ಅದರಲ್ಲಿ ಸುಳ್ಳಿಲ್ಲ. ಆದ್ರೂ ಅದು ತಪ್ಪು." ಆರು ಪುಸ್ತಕಗಳನ್ನೂ ಮೇಡಂ ಮುಂದೆ ಸಾಲಾಗಿಟ್ಟು ಕೂತರು.

ಬಂದವರು ಹೋದ ಮೇಲೆ ಮೇಡಂ ತಲೆ ಹಿಡಿದುಕೊಂಡರು. "ಸುಮ್ಮನಿದ್ದಿದ್ರೆ ಮುಗೀತಿತ್ತು," ಎಂದು ನನ್ನ ಮೇಲೆ ರೇಗಿದರು, ನಾನೇ ಎಬ್ಬಿಸಿ ನಿಲ್ಲಿಸಿದ ಹಾಗೆ. "ಈಗ ಅವರು ಕೇಳೋದು ಒಂದೇ. ಸೂಜಿಹಕ್ಕಿ ಒಂದೇನಾ, ಬೇರೆ ಹಕ್ಕಿಗಳೂನಾ? ಅರವತ್ತಮೂರು ಜಾತಿ ಇದೆ ಪಟ್ಟೀಲಿ. ಯಾವ್ಯಾವುದು ನಂಬೋದು?" ಅದನ್ನು ಕಂಡುಹಿಡಿಯುವ ಕೆಲಸ ಯಾರಿಗೆ ಬಂತೆಂದು ಬೇರೆ ಹೇಳಬೇಕಾಗಿಲ್ಲ.

ಹೀಗೆ ನಾವಿಬ್ಬರೂ ದಾಖಲೆ ಕೋಣೆಯಲ್ಲಿ ಕೂತೆವು. ಅರವತ್ತಮೂರು ಹಕ್ಕಿಗಳ ಕೂಗೂ ಕೇಂದ್ರದ ಸಂಗ್ರಹದಲ್ಲಿದೆ. ನಾನು ಒಂದೊಂದನ್ನೇ ಸ್ಪೀಕರಿನಲ್ಲಿ ಹಾಕಬೇಕು. ಕೇಳಿಸಿದರೆ ಮಾವ ಹೂಂ ಎನ್ನಬೇಕು. ಕೇಳಿಸದಿದ್ದರೆ ಆ ಹಕ್ಕಿಯ ಕಲಮನ್ನು ಆರೂ ಪುಸ್ತಕಗಳಲ್ಲಿ ಹೊಡೆದುಹಾಕಬೇಕು. ಪರದೆ ಕಾಣಬಾರದೆಂದು ಅವರನ್ನು ನನಗೆ ಬೆನ್ನು ಮಾಡಿ, ಕಿಟಕಿಯ ಕಡೆ ಮುಖ ಮಾಡಿ ಕೂರಿಸಿದೆ. "ಮೋಸ ಮಾಡ್ತೀನಾ ನಾನು?" ಎಂದು ಅದಕ್ಕೂ ಜಗಳವಾಯಿತು.

ಮೊದಲ ಹತ್ತು ಸಲೀಸಾಗಿ ಹೋದವು. ಮಾವ ಹೂಂ ಎನ್ನುವುದಷ್ಟೇ ಅಲ್ಲದೆ, "ಇದು ಹೆಣ್ಣು", "ಇದು ಮಳೆ ಬಂದ ಮೇಲೆ ಕೂಗಿದ್ದು", "ಇದನ್ನ ಯಾರೋ ಕೊಳದ ಹತ್ರ ಹಿಡಿದಿದ್ದಾರೆ, ಕಪ್ಪೆ ದನಿ ಬರ್ತಿದೆ" ಎಂದು ಬೇಡದ್ದನ್ನೆಲ್ಲ ಹೇಳುತ್ತಿದ್ದರು. ಹೂಂ ಅಂದ್ರೆ ಸಾಕು ಮಾವ ಎಂದು ಎರಡು ಸಲ ಗದರಿದೆ. ಅವರ ದನಿಯಲ್ಲಿ ಹಳೆಯ ಗತ್ತು ಬರುತ್ತಿತ್ತು, ಕೇಳಿ ನನಗೂ ಜೀವ ಬಂದ ಹಾಗಾಯಿತು. ಹೋದದ್ದು ಸೂಜಿಹಕ್ಕಿ ಒಂದೇ ಇರಬೇಕು ಎಂದುಕೊಂಡೆ.

ಹನ್ನೊಂದನೆಯದು ಹಾಕಿದೆ. ಕೋಣೆ ತುಂಬ ಕೂಗಿತು. ಮಾವ ಕೈಕಟ್ಟಿ, ತಲೆಯನ್ನು ಒಂದಿಷ್ಟು ಓರೆ ಮಾಡಿ ಕಾಯುತ್ತಿದ್ದರು. ಮುಗಿಯಿತು. ಇನ್ನೊಂದು ಸಲ ಹಾಕಿದೆ, ದನಿ ಏರಿಸಿ. ಅದೂ ಮುಗಿಯಿತು.

"ಯಾಕಮ್ಮ ಸುಮ್ನೆ ಕೂತೆ?" ಎಂದರು ಮಾವ, ತಿರುಗದೆ. "ಹೊತ್ತಾಗುತ್ತೆ, ಮುಂದಿನದು ಹಾಕು."

"ಹಾಕಿದೆ ಮಾವ," ಎಂದೆ. "ಎರಡು ಸಲ ಹಾಕಿದೆ."

ಅವರು ಕುರ್ಚಿಯನ್ನು ಎಳೆದುಕೊಂಡು ಮೇಜಿನ ಹತ್ತಿರ ಬಂದು, ಯಾವ ಹಕ್ಕಿ ಎಂದು ಕೇಳಿದರು. ಹೇಳಿದೆ. ಕೆಂಪು ಪೆನ್ಸಿಲನ್ನು ನನ್ನ ಕೈಯಿಂದ ತಗೊಂಡು, ಮೊದಲ ಪುಸ್ತಕ ಬಿಡಿಸಿ, ಆ ಹಕ್ಕಿಯ ಕಲಂ ಹುಡುಕಿ, ಸ್ಕೇಲಿಟ್ಟು ನೇರವಾಗಿ ಗೆರೆ ಎಳೆದರು. ಎರಡನೆಯ ಪುಸ್ತಕ ಕೊಡು ಎಂದು ಕೈ ಚಾಚಿದರು.